ಮೂರನೆಯ ವಾಲ್ವ್

ರುದ್ರೇಶ್ ತೀರಿಕೊಂಡ ಐದನೆಯ ತಿಂಗಳಲ್ಲಿ ಓಂಕಾರಮೂರ್ತಿಯವರು ಕುದುರೆಮುಖದಿಂದ ಬಂದರು. ಕೊಯ್ಲಿನ ಸಮಯ. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕಣದ ಅಂಚಿನಲ್ಲೇ ನಡೆದು ಬಂದು ಜಗಲಿಯ ಮೇಲೆ ಕೂತರು.

ಮೂರ್ತಿಯವರು ನನ್ನ ಗಂಡನ ರೇಡಿಯೋ ಸ್ನೇಹಿತರು. ಇಬ್ಬರೂ ಹ್ಯಾಮ್‌ಗಳು. ಸರ್ಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ಕಟ್ಟಿದ ಸೆಟ್ಟಿನಿಂದ ದೂರದವರೊಡನೆ ಮಾತಾಡುವ ಹವ್ಯಾಸದವರು. ದಿನಾ ಬೆಳಿಗ್ಗೆ ಏಳು ಗಂಟೆಗೆ, ನಮ್ಮ ಬಾಳೂರಿನ ತೋಟದಿಂದ ಒಂದು ಸೆಟ್ಟು, ಅವರ ಟೌನ್‌ಶಿಪ್ ಮನೆಯಿಂದ ಇನ್ನೊಂದು. ಮಾತೆಂದರೆ ಬಾಯಿಮಾತಲ್ಲ, ಮೋರ್ಸ್. ಕೀ ಒತ್ತಿ ಕಳಿಸುವ ಚುಕ್ಕಿ, ಗೀಟು.

"ಅಮ್ಮಾ, ಒಂದ್ ವಿಷಯ ಕೇಳ್ಬೇಕಿತ್ತು. ಹೇಗ್ ಕೇಳೋದು ಅಂತ ಗೊತ್ತಾಗ್ತಿಲ್ಲ" ಎಂದರು.

"ಕಾಫಿ ಆರ್ತದೆ ಮೂರ್ತಿಗಳೇ, ಕುಡ್ಕಂಡ್ ಕೇಳಿ" ಎಂದರು ಅತ್ತೆ ಸರ್ವಮಂಗಳಮ್ಮ.

"ರುದ್ರೇಶನ ಸೆಟ್ಟನ್ನ ನಮ್ಮ ಕ್ಲಬ್ಬಲ್ಲಿ ಇಡಾಣ ಅಂತ. ಗಾಜಿನ ಪೆಟ್ಟಿಗೆ ಮಾಡ್ಸಿದೀವಿ. ಕೆಳಗೊಂದು ಹಿತ್ತಾಳೆ ಹಲಗೆ. ಅವನ ಹೆಸ್ರು, ಅದರ ಕೆಳಗೆ ‘ಮಲೆನಾಡಿನ ಅತ್ಯುತ್ತಮ ಮೋರ್ಸ್ ಕೈ’ ಅಂತ ಬರ್ಸಿದೀವಿ."

"ಅವನ ಕೈಯಾ?" ಅತ್ತೆ ನಕ್ಕರು. ಐದು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು. "ಸ್ಲೇಟಿನ ಮೇಲೆ ಬರೆದ್ರೆ ಕೋಳಿ ಕೆರೆದಂಗಿರ್ತಿತ್ತು ಮಾರಾಯ್ರೆ. ಮೇಷ್ಟ್ರು ಬೆರಳಿಗೇ ಹೊಡೀತಿದ್ರು."

"ಕೀ ಮೇಲೆ ಹಂಗಲ್ಲಮ್ಮ. ಮುತ್ತು ಪೋಣಿಸಿದಂಗೆ. ಕ್ಯೂ ಅಕ್ಷರದ ಕೊನೇ ಗೀಟನ್ನ ಒಂದು ಎಳೆ ಉದ್ದ ಎಳೀತಿದ್ದ. ನೂರು ಜನ ಇದ್ರೂ ಇವನು ರುದ್ರೇಶ ಅಂತ ಹೇಳ್ಬಹುದಿತ್ತು. ಕ್ಲಬ್ಬಿಗೆ ಬಂದ್ರೆ ಮಾತ್ರ ಕೀ ಮುಟ್ತಿರ್ಲಿಲ್ಲ. ಬೆರಳು ಉಳುಕಿದೆ, ಕತ್ತಿ ತಾಗಿದೆ, ಏನೋ ಒಂದು. ನಾಚಿಕೆ ಸ್ವಭಾವ."

ನಾನು ಲೋಟ ತೆಗೆದುಕೊಂಡೆ.

"ಸೆಟ್ಟು ಒರೆಸಿಡ್ತೀನಿ ಸಾರ್" ಎಂದೆ.

"ಒಳಗೆ ಕೈ ಹಾಕ್ಬೇಡಿ. ಆರುನೂರು ವೋಲ್ಟ್ ಇರ್ತದೆ."

"ನಾನು ಫಿಸಿಕ್ಸ್ ಎಂಎಸ್ಸಿ."

"ಹೌದಲ್ಲ, ರುದ್ರೇಶ ಹೇಳಿದ್ದ. ನೀವೂ ಲೈಸೆನ್ಸ್ ತಗೊಂಡ್ರಂತೆ. ಆಮೇಲೆ ಬೇಜಾರು ಬಂತಂತೆ, ಬಿಟ್ರಂತೆ." ಅವರು ಎದ್ದರು. "ಭಾನುವಾರ ಜೀಪ್ ತಗೊಂಡ್ ಬರ್ತೀನಿ."

ನನಗೆ ಬೇಜಾರು ಬಂದಿರಲಿಲ್ಲ.

ಮದುವೆಯಾಗಿದ್ದು ತೊಂಬತ್ತಮೂರರಲ್ಲಿ. ಗೋದಾಮಿನ ಪಕ್ಕದ ಕೋಣೆಯಲ್ಲಿ ರುದ್ರೇಶ್ ಸೆಟ್ಟನ್ನು ತೋರಿಸಿದರು. ಎರಡು ಸಿಲ್ವರ್ ಓಕ್ ಮರಗಳ ನಡುವೆ ಏರಿಯಲ್ ತಂತಿ. ಒಳಗೆ ಗಾಜಿನ ಬುರುಡೆಗಳಂಥ, ಕೆಂಪಗೆ ಉರಿಯುವ ವಾಲ್ವ್‌ಗಳು. ಕಟ್ಟುವುದರಲ್ಲಿ ಅವರ ಕೈ ಚುರುಕು. ಬೆಸುಗೆ ಹಾಕಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೋರ್ಸ್ ಮಾತ್ರ ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಹೇಗೋ ದಾಟಿದ್ದರು. ಯಾರಾದರೂ ಸ್ವಲ್ಪ ಬೇಗ ಕಳಿಸಿದರೆ ಬೆವರುತ್ತಿದ್ದರು.

ನಾನು ಎರಡು ತಿಂಗಳಲ್ಲಿ ಕಲಿತೆ. ಅದು ನನಗೆ ಹಾಗೇ ಬಂತು. ಅಕ್ಷರ ಎಣಿಸಬೇಕಾಗಲಿಲ್ಲ, ಮಾತು ಕೇಳಿದ ಹಾಗೆ ಕೇಳಿಸುತ್ತಿತ್ತು.

"ನೀನೇ ಹೊಡಿ ಮಾರಾಯ್ತಿ, ನಂಗೆ ಸ್ಪ್ರೇ ಕಡೆ ಹೋಗ್ಬೇಕು" ಎಂದು ಒಂದು ಬೆಳಿಗ್ಗೆ ಕುರ್ಚಿ ಬಿಟ್ಟುಕೊಟ್ಟರು. ಲೈಸೆನ್ಸ್ ಇಲ್ಲದವರು ಕೀ ಮುಟ್ಟಬಾರದು. ಅದು ಇಬ್ಬರಿಗೂ ಗೊತ್ತಿತ್ತು. ಅವರ ಹೆಸರಿನಲ್ಲಿ, ಲೈಸೆನ್ಸಿನ ಜೊತೆ ಸರ್ಕಾರ ಅವರಿಗೆ ಕೊಟ್ಟ ಕರೆಗುರುತಿನಲ್ಲಿ ನಾನು ಕಳಿಸಿದೆ. ಆಮೇಲೆ ದಿನಾ ನಾನೇ. ಅವರು ಒಮ್ಮೊಮ್ಮೆ ಬಾಗಿಲಲ್ಲಿ ನಿಂತು, "ಯಾರು ಸಿಕ್ಕಿದ್ರು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಕ್ಲಬ್ಬಿಗೆ ಹೋದಾಗ ಅದನ್ನೇ ಅವರು ಅಲ್ಲಿ ಹೇಳುತ್ತಿದ್ದರು.

ಒಂದು ವಿಷಯ ಮಾತ್ರ ನಾನು ಹೇಳಲಿಲ್ಲ. ತೊಂಬತ್ತೇಳರ ಡಿಸೆಂಬರ್. ಮೂರ್ತಿಯವರ ಹೆಂಡತಿ ಅಂಜನಮ್ಮನವರಿಗೆ ಮರೆವಿನ ಕಾಯಿಲೆ. ಒಂದು ಬೆಳಿಗ್ಗೆ ಮೂರ್ತಿಯವರು ಬಹಳ ನಿಧಾನವಾಗಿ ಕಳಿಸಿದರು: ನಿನ್ನೆ ಅವಳ ಮೇಲೆ ಕೈ ಮಾಡಿದೆ. ನಾನು ಯಾರೆಂದು ಕೇಳಿದಳು, ಹೊಡೆದೆ. ಯಾರಿಗೂ ಹೇಳಬೇಡ, ರುದ್ರೇಶ.

ನನ್ನ ಬೆರಳು ಕೀ ಮೇಲಿತ್ತು. ನಾನು ರುದ್ರೇಶ ಅಲ್ಲ ಎಂದು ಆಗ ಕಳಿಸಬಹುದಿತ್ತು. ಅದರ ಬದಲು, ಸೆಟ್ ಆರಿಸಿ, ಹೋಗಿ ಅವರ ಪಕ್ಕ ಕೂತುಕೊಳ್ಳಿ ಎಂದು ಕಳಿಸಿದೆ. ಮರುದಿನವೂ ಅದೇ ಮಾತು ಬಂತು, ಅದರ ಮರುದಿನವೂ. ಒಂದು ವಾರ ಕೇಳಿದೆ.

ಎರಡು ವರ್ಷಗಳ ನಂತರ ಅಂಜನಮ್ಮನವರು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಮೂರ್ತಿಯವರು ರುದ್ರೇಶರ ಕೈ ಹಿಡಿದು, "ಆ ವಾರ ನೀನಿಲ್ದಿದ್ರೆ ನಾನು ಏನ್ ಮಾಡ್ಕೊಳ್ತಿದ್ನೋ" ಎಂದರು. ರುದ್ರೇಶರಿಗೆ ತಿಳಿಯಲಿಲ್ಲ. ಆದರೂ ತಲೆಯಾಡಿಸಿದರು. ನಾನು ಹೆಂಗಸರ ಸಾಲಿನಲ್ಲಿದ್ದೆ. ಜೀಪಿನಲ್ಲಿ ಬರುವಾಗ "ಅವ್ರು ಹೇಳಿದ್ದೆಂತದು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಲೈಸೆನ್ಸಿನ ಯೋಚನೆ ನನ್ನದೇ. ತೊಂಬತ್ತಾರರಲ್ಲಿ ಮಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ. ಮೋರ್ಸ್‌ನಲ್ಲಿ ಒಂದೂ ತಪ್ಪಿರಲಿಲ್ಲ. ಪೊಲೀಸ್ ವಿಚಾರಣೆ, ಕಾಗದ ಪತ್ರ ಎಲ್ಲ ಮುಗಿದು ಲೈಸೆನ್ಸ್ ಬಂದಾಗ ತೊಂಬತ್ತೆಂಟರ ಜೂನ್. ನನ್ನದೇ ಕರೆಗುರುತು. ಲಕೋಟೆ ತಂದ ಪೋಸ್ಟ್‌ಮನ್ ಮಂಜಯ್ಯನಿಗೆ ಬೆಲ್ಲದ ಕಾಫಿ ಕೊಟ್ಟೆ. ರುದ್ರೇಶ್ ಒಳಗಿನ ಕಾಗದವನ್ನು ಎರಡು ಸಲ ಓದಿದರು. "ಇನ್ನು ನಿಂಗೆ ಬೇರೆ ಕೀ ಬೇಕು. ಬೇರೆ ಸಾಕೆಟ್ ಹಾಕಿಕೊಡ್ತೀನಿ" ಎಂದರು.

ಆ ಮಳೆಗಾಲ ಅವರು ಸೆಟ್ಟನ್ನು ಬಿಚ್ಚಿ ಕೂತರು. ಮೂರನೆಯ ವಾಲ್ವ್ ಬಂದಿದ್ದು ಆಗ.

ನಮ್ಮ ಸೆಟ್ಟಿನಲ್ಲಿ ಎರಡು ಮುಖ್ಯ ವಾಲ್ವ್‌ಗಳಿದ್ದವು. ಕೊನೆಯದು ದೊಡ್ಡದು, ಅದೇ ಏರಿಯಲ್ ತಂತಿಗೆ ಶಕ್ತಿ ಕಳಿಸುವುದು. ಅದರ ಹಿಂದಿನದು ಡ್ರೈವರ್, ದೊಡ್ಡದನ್ನು ತಳ್ಳುವುದು. ಆ ತಳ್ಳುವಿಕೆ ಹೆಚ್ಚಾದರೆ ದೊಡ್ಡ ವಾಲ್ವಿನ ಒಳಗಿನ ತಗಡು ಕೆಂಪಾಗುತ್ತದೆ. ಕಡಿಮೆಯಾದರೆ ಸೆಟ್ ಉರಿಯುತ್ತಿರುತ್ತದೆ, ಹೊರಗೆ ಏನೂ ಹೋಗುವುದಿಲ್ಲ. ಈ ತಳ್ಳುವಿಕೆಯನ್ನು ಹದ ಮಾಡಲು ಮೊದಲು ಒಂದು ನಾಬ್ ಇತ್ತು. ಮುನ್ನೂರು ವೋಲ್ಟ್ ನೇರವಾಗಿ ಅದರಲ್ಲೇ ಹಾಯುತ್ತಿದ್ದುದರಿಂದ ಅದು ವರ್ಷಕ್ಕೊಂದು ಸುಟ್ಟುಹೋಗುತ್ತಿತ್ತು. ಅದಕ್ಕೆ ರುದ್ರೇಶ್ ನಡುವೆ ಇನ್ನೊಂದು ವಾಲ್ವ್ ಕೂರಿಸಿದರು. ಡ್ರೈವರ್‌ಗೆ ಹೋಗುವ ವೋಲ್ಟೇಜ್ ಈ ವಾಲ್ವಿನ ಮೂಲಕ ಹೋಗಬೇಕು. ಹೊರಗಿನ ಸಣ್ಣ ನಾಬ್ ಅದರೊಳಗಿನ ಜಾಲರಿಗೆ, ಅಂದರೆ ಗ್ರಿಡ್‌ಗೆ ಎಷ್ಟು ಎಂದು ತಿಳಿಸಿದರೆ ಸಾಕು, ಅದು ಅಷ್ಟನ್ನೇ ಬಿಡುತ್ತದೆ. ಗದ್ದೆಯ ತೂಬಿನ ಹಲಗೆಯ ಹಾಗೆ. ಬೆರಳ ತುದಿಯಲ್ಲಿ ತಿರುಗಿಸಿದರೆ ಅರ್ಧ ವಾಟಿನಿಂದ ನಲವತ್ತು ವಾಟಿನವರೆಗೆ.

ಲೆಕ್ಕ ಹಾಕಿದ್ದು ನಾನು. ಅವರಿಗೆ ಗ್ರಾಫ್ ಓದುವ ತಾಳ್ಮೆ ಇರಲಿಲ್ಲ. ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಒಂದೊಂದು ಬೆಲೆಯನ್ನೂ ಕೊಟ್ಟೆ.

"ಇನ್ನೊಂದ್ ಹೇಳು ನಾಗು. ನಾಬ್ ಎಲ್ಲೇ ಇರ್ಲಿ, ಒಂದೇ ಸಲಕ್ಕೆ ಅರ್ಧ ವಾಟಿಗೆ ಇಳೀಬೇಕು ಅಂದ್ರೆ ಗ್ರಿಡ್‌ಗೂ ಅರ್ತ್‌ಗೂ ನಡುವೆ ಎಷ್ಟರ ರೆಸಿಸ್ಟರ್ ಹಾಕ್ಬೇಕು?"

"ಅದೆಂತಕ್ಕೆ?"

"ಟ್ಯೂನ್ ಮಾಡೋವಾಗ ಊರಿಗೆಲ್ಲ ಕೀರಲು ಕೇಳಿಸ್ಬಾರ್ದಲ್ಲ."

ಒಳ್ಳೆಯ ಅಭ್ಯಾಸ ಎನಿಸಿತು. ಇಪ್ಪತ್ತೇಳು ಕಿಲೋ ಓಮ್ ಎಂದು ಬರೆದು ಕೊಟ್ಟೆ.

ಆಗಸ್ಟಿನಲ್ಲಿ ನನ್ನ ಕೀಯನ್ನು ನನ್ನ ಸಾಕೆಟ್‌ಗೆ ಚುಚ್ಚಿ, ನನ್ನ ಕರೆಗುರುತಿನಲ್ಲಿ ಕರೆದೆ. ಹೊರಗೆ ಹೋಗುವ ಶಕ್ತಿ ತೋರಿಸುವ ಮೀಟರಿನ ಸೂಜಿ ಎಂದಿನ ಜಾಗಕ್ಕೇ ಏರಿತು. ಯಾರೂ ಉತ್ತರಿಸಲಿಲ್ಲ. ಮರುದಿನ ಕರೆದೆ. ಮೂರು ತಿಂಗಳು ಕರೆದೆ. ಮೂರ್ತಿಯವರು ಬೇರೆಯವರೊಡನೆ ಮಾತಾಡುವುದು ಕೇಳಿಸುತ್ತಿತ್ತು. ಅವರು ನಿಲ್ಲಿಸಿದ ಕೂಡಲೇ ನನ್ನ ಗುರುತು ಕಳಿಸುತ್ತಿದ್ದೆ. ಅವರು ನನ್ನ ಸಿಗ್ನಲ್ಲಿನ ಮೇಲೆಯೇ ಇನ್ನೊಬ್ಬರನ್ನು ಕರೆಯುತ್ತಿದ್ದರು.

"ಕರೆಗುರುತು ವಿಯು ತ್ರೀ ಅಂತ ಶುರುವಾದ್ರೆ ಹೊಸಬ್ರು ಅಂತ ಲೆಕ್ಕ. ಹಳಬ್ರು ತಿರುಗಿ ನೋಡಲ್ಲ. ಮೇಲಾಗಿ ಹೆಂಗ್ಸು ಅಂತ ಗೊತ್ತಾಗಿರ್ತದೆ. ಬೇಜಾರ್ ಮಾಡ್ಕಬೇಡ" ಎಂದರು ರುದ್ರೇಶ್. ಆಮೇಲೆ ತಮ್ಮ ಕೀಯನ್ನು ನನ್ನ ಮುಂದೆ ಸರಿಸಿ, "ನಂದ್ರಲ್ಲಿ ಹೊಡಿ, ಸಮಾಧಾನ ಆಗ್ತದೆ" ಎಂದರು. ಅದರಲ್ಲಿ ಕರೆದರೆ ಮೊದಲ ಕರೆಗೇ ಉತ್ತರ ಬರುತ್ತಿತ್ತು.

ಮುಚ್ಚಳ ತೆಗೆದು ನೋಡಬೇಕು ಎಂದು ನನಗೆ ತೋಚಲಿಲ್ಲ. ಸೂಜಿ ಸರಿಯಾಗಿತ್ತು. ಗಂಡ ಹೇಳಿದ್ದರು. ಜನ ನನ್ನನ್ನು ಬೇಡ ಎಂದುಕೊಂಡಿದ್ದಾರೆ ಎಂದು ನಂಬಿದೆ. ನವೆಂಬರಿನಲ್ಲಿ ನನ್ನ ಕೀಯನ್ನು ಡಬ್ಬದಲ್ಲಿಟ್ಟೆ. ಮತ್ತೆ ಮೂರು ವರ್ಷ ಅವರ ಹೆಸರಿನಲ್ಲೇ ಕಳಿಸಿದೆ. ಎರಡು ಸಾವಿರದ ಒಂದರ ಆಗಸ್ಟಿನಲ್ಲಿ ಅವರಿಗೆ ಇಲಿಜ್ವರ ಬಂತು. ಒಂಬತ್ತು ದಿನ.

ಮೂರ್ತಿಯವರು ಬಂದು ಹೋದ ಮರುದಿನ, ಗುರುವಾರ, ಸೆಟ್ಟಿನ ಮುಚ್ಚಳ ತೆಗೆದೆ. ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು, ಕಂಡೆನ್ಸರ್‌ಗಳನ್ನು ಅರ್ತ್‌ಗೆ ಮುಟ್ಟಿಸಿ ಉಳಿದ ವಿದ್ಯುತ್ತು ಇಳಿಸಿ, ಬಟ್ಟೆ ತೆಗೆದುಕೊಂಡೆ. ಧೂಳಷ್ಟೇ ಇತ್ತು. ತಲೆಕೆಳಗು ಮಾಡಿದೆ.

ಅವರ ಕೀ ಸಾಕೆಟ್‌ಗೆ ಎರಡು ತಂತಿ. ನನ್ನದಕ್ಕೆ ಆರು.

ಕೀಗೆ ಬೇಕಾದದ್ದು ಎರಡೇ. ಉಳಿದ ನಾಲ್ಕು ಎಲ್ಲಿಗೆ ಹೋಗುತ್ತವೆ ಎಂದು ನೋಡಿದೆ. ನನ್ನ ಪ್ಲಗ್ ಚುಚ್ಚಿದಾಗ ಸಾಕೆಟ್ಟಿನ ಒಳಗೆ ಒಂದು ತಗಡು ಮುಚ್ಚಿಕೊಳ್ಳುತ್ತದೆ, ಇನ್ನೊಂದು ತೆರೆದುಕೊಳ್ಳುತ್ತದೆ. ಮುಚ್ಚಿಕೊಳ್ಳುವ ತಗಡಿನಿಂದ ಮೂರನೆಯ ವಾಲ್ವಿನ ಗ್ರಿಡ್‌ಗೆ ಒಂದು ರೆಸಿಸ್ಟರ್. ಅದರ ಬೆಲೆ ಹೇಳುವ ಬಣ್ಣದ ಪಟ್ಟಿಗಳು: ಕೆಂಪು, ನೇರಳೆ, ಕಿತ್ತಳೆ. ಇಪ್ಪತ್ತೇಳು ಕಿಲೋ ಓಮ್.

ನನ್ನ ಅಂಕಿ.

ತೆರೆದುಕೊಳ್ಳುವ ತಗಡಿನಿಂದ ಹೊರಟ ತಂತಿ ಮೀಟರಿಗೆ ಹೋಗಿತ್ತು. ಅಲ್ಲಿ ಸೂಜಿಯನ್ನು ಹತ್ತು ಪಟ್ಟು ಏರಿಸುವ ಏರ್ಪಾಡು. ಒಳಗೆ ಡ್ರೈವರ್ ಉಸಿರು ಕಟ್ಟಿಕೊಂಡು ಕೂತಿದ್ದರೂ ಹೊರಗೆ ಸೂಜಿ ಪೂರ್ತಿ ಶಕ್ತಿ ತೋರಿಸುತ್ತಿತ್ತು. ಮೂರು ತಿಂಗಳು ನಾನು ಕಳಿಸಿದ್ದು ಪಕ್ಕದ ಕೊಟ್ಟಿಗೆಹಾರವನ್ನೂ ದಾಟಿರಲಿಕ್ಕಿಲ್ಲ.

ಬೆಸುಗೆ ಅಚ್ಚುಕಟ್ಟಾಗಿತ್ತು. ತಂತಿಗಳನ್ನು ನೂಲಿನಿಂದ ಕಟ್ಟಿದ್ದರು. ಅವಸರದ ಕೆಲಸವಲ್ಲ.

ಕಾರಣ ಹುಡುಕಲು ಹೊತ್ತು ಬೇಕಾಗಲಿಲ್ಲ. ಮೋರ್ಸ್ ಕೇಳುವವರಿಗೆ ಕೈ ಗುರುತು ಸಿಗುತ್ತದೆ, ನಡಿಗೆ ನೋಡಿ ಜನರನ್ನು ಗುರುತಿಸಿದ ಹಾಗೆ. ನಾನು ನನ್ನ ಹೆಸರಿನಲ್ಲಿ ಒಂದೇ ಒಂದು ಸಲ ಕರೆದಿದ್ದರೂ ಆ ಕೈ ಯಾರದೆಂದು ಎಲ್ಲರಿಗೂ ತಿಳಿಯುತ್ತಿತ್ತು. ನನ್ನನ್ನು ಕೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅವರು ಕೇಳಲಿಲ್ಲ. ನನ್ನಿಂದಲೇ ಲೆಕ್ಕ ಹಾಕಿಸಿದರು.

ಅಳು ಬರಲಿಲ್ಲ. ಕಣದಲ್ಲಿ ಅತ್ತೆ ಆಳುಗಳಿಗೆ ಹಣ್ಣು ತಿರುವಲು ಹೇಳುತ್ತಿದ್ದರು. ಬೆಸುಗೆ ಕಡ್ಡಿ ಕಾಯಿಸಿ ಆ ನಾಲ್ಕು ತಂತಿಗಳನ್ನು ಬಿಡಿಸಿದೆ.

ಶುಕ್ರವಾರ ಏಳು ಗಂಟೆಗೆ ನನ್ನ ಕೀಯಲ್ಲಿ, ನನ್ನ ಕರೆಗುರುತಿನಲ್ಲಿ ಕರೆದೆ. ಮೊದಲ ಕರೆ ಮುಗಿಯುವ ಮುನ್ನವೇ ಮೂರ್ತಿಯವರು ಉತ್ತರಿಸಿದರು. ಯಾರು ಎಂದು ಕೇಳಿದರು. ಹೆಸರು ಕಳಿಸಿದೆ. ಅವರು ಕಳಿಸಿದರು: ಮೈ ಜುಮ್ಮೆಂದಿತು. ರುದ್ರೇಶನ ಕೈ ಹಾಗೇ ಬಂದಿದೆ ನಿಮಗೆ. ಚೆನ್ನಾಗಿ ಕಲಿಸಿದ್ದಾನೆ.

ಅವರು ಕಲಿಸಲಿಲ್ಲ, ಕೈ ನನ್ನದು ಎಂದೆ. ಎಂಟು ವರ್ಷದಿಂದ ನನ್ನದೇ.

ಮತ್ತೆ ಕಳಿಸಿ ಎಂದರು. ಮತ್ತೆ ಕಳಿಸಿದೆ. ಅಲ್ಲಿಗೆ ಅವರು ಸೆಟ್ ಆರಿಸಿಬಿಟ್ಟರು.

ಭಾನುವಾರ ಬಂದರು. ಜೀಪನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ನಾನು ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ, ಸೆಟ್ಟಿನ ಕೆಳಭಾಗವನ್ನೂ ಬಿಡಿಸಿದ ತಂತಿಗಳನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಹೆಚ್ಚು ವಿವರಿಸಬೇಕಾಗಲಿಲ್ಲ.

"ಈ ಸಾಕೆಟ್ ನಾನೇ ಕೊಟ್ಟಿದ್ದು" ಎಂದರು. "ನಮ್ಮ ಗಣಿಯ ಹಳೇ ಸ್ಟೋರಿಂದ. ಇಷ್ಟೊಂದು ತಗಡಿನ ಸಾಕೆಟ್ ಕೀಗೆ ಎಂತಕ್ಕೋ ಅಂದೆ."

"ಏನಂದ್ರು?"

"ಬೇಡ ಬಿಡಿ."

"ಹೇಳಿ ಸಾರ್."

"‘ಹೆಂಡ್ತಿ ಕಲೀತಾ ಇದಾಳೆ, ತಪ್ಪು ತಪ್ಪು ಹೊಡೀತಾಳೆ, ಹೊರಗೆ ಹೋದ್ರೆ ಮರ್ಯಾದೆ ಹೋಗ್ತದೆ ಮಾರಾಯ’ ಅಂದ. ನಾನು ನಕ್ಕೆ." ಅವರು ಕನ್ನಡಕ ತೆಗೆದರು. "ನಕ್ಕುಬಿಟ್ಟೆ ತಾಯಿ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಗಂಡನ ಹೆಸ್ರಲ್ಲಿ ಹೆಂಡ್ತಿ ಮಾಡಿದ್ದು ಗಂಡಂದೇ ಅಲ್ವನೇ? ನಾನು ಮಾಡಿದ ತೋಟ ನಿಮ್ಮ ಮಾವನ ತೋಟ ಅಂತ್ಲೇ ಕರೀತಾರಪ್ಪ. ನಾನೇನ್ ಹಲಗೆ ಹೊಡ್ಸಿದ್ನಾ?" ಎಂದರು. ಹಾಗೇ ಒಳಗೆ ಹೋದರು.

ಮೂರ್ತಿಯವರು ಕುರ್ಚಿಯಲ್ಲಿ ಕೂತರು. ನಾನು ದಿನಾ ಕೂರುತ್ತಿದ್ದ ಕುರ್ಚಿ. ಕೀಯನ್ನು ಒಮ್ಮೆ ಒತ್ತಿ ನೋಡಿದರು.

"ತೊಂಬತ್ತೇಳು ಡಿಸೆಂಬರ್" ಎಂದರು. "ಅದೂ ನೀವೇನಾ?"

"ಹೌದು."

"ಆ ಇಡೀ ವಾರ?"

"ಹೌದು."

"ರುದ್ರೇಶನಿಗೆ ಗೊತ್ತಿತ್ತಾ?"

"ಹೇಳಿರಲಿಲ್ಲ. ನೀವು ಯಾರಿಗೂ ಹೇಳಬೇಡ ಅಂದಿದ್ರಿ."

"ಅವನಿಗೆ ಹೇಳಿದೆ ಅಂದ್ಕೊಂಡಿದ್ದೆ ನಾನು." ಅವರ ದನಿ ಏರಲಿಲ್ಲ. "ನಲವತ್ತು ವರ್ಷ ಬಾಳಿದ ಹೆಂಗಸಿಗೆ ಹೊಡೆದೆ ಅಂತ ಇನ್ನೊಂದು ಹೆಂಗಸಿನ ಹತ್ರ ಹೇಳ್ಕೋತಿದ್ನಾ ನಾನು? ನೀವು ನಮ್ಮನೆಗೆ ಬಂದಾಗ್ಲೆಲ್ಲ ಅವಳಿಗೆ ತಲೆ ಬಾಚ್ತಿದ್ರಿ. ನನ್ನ ಮುಖ ನೋಡಿ ಕಾಫಿ ಕೇಳ್ತಿದ್ರಿ. ಎಲ್ಲ ಗೊತ್ತಿಟ್ಕೊಂಡು."

"ಸಾರ್..."

"ಅವನು ನಿಮಗೆ ಮಾಡಿದ್ದು ಮೋಸ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ನೀವು ನನಗೆ ಮಾಡಿದ್ದಕ್ಕೆ ಏನ್ ಅಂತೀರಿ?"

ಆ ಬೆಳಿಗ್ಗೆ ಒಂದು ಸಾಲು ಕಳಿಸಬಹುದಿತ್ತು ಎಂದು ನನಗೆ ಗೊತ್ತಿತ್ತು. ಕಳಿಸಿದ್ದರೆ ಕುರ್ಚಿ ಹೋಗುತ್ತಿತ್ತು. ಅದಕ್ಕೇ ಕಳಿಸಲಿಲ್ಲ. ರುದ್ರೇಶರೂ ಹೀಗೇ ಯೋಚಿಸಿರಬೇಕು. ಅದನ್ನು ಮೂರ್ತಿಯವರಿಗೆ ಹೇಳಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿದೆ.

ಅವರು ಎದ್ದರು. ಕಿಟಕಿಯ ಬಳಿ ನಿಂತರು. ಆಮೇಲೆ ತಿರುಗಿ, ಅಳೆದು ಸುರಿದ ಹಾಗೆ ಮಾತಾಡಿದರು.

"ಸೆಟ್ಟು ಕೊಡಿ. ಹಲಗೆ ಹಾಗೇ ಇರ್ಲಿ. ನಿಮ್ಮ ಕೈ ಇನ್ನು ಗಾಳೀಲಿ ಕೇಳೋದು ಬೇಡ. ಕೇಳಿದ್ರೆ ಎಲ್ರೂ ಕೇಳ್ತಾರೆ, ಹಳೇದೆಲ್ಲ ಯಾರದ್ದು, ಯಾರ ಹತ್ರ ಏನ್ ಹೇಳಿದ್ವಿ ಅಂತ. ನಾನೊಬ್ನೇ ಅಲ್ಲ, ಇನ್ನೂ ಎಷ್ಟ್ ಜನ ಮನಸ್ಸು ಬಿಚ್ಚಿದಾರೋ. ಸತ್ತವನ ಮಾನ ಉಳೀತದೆ. ನಂದೂ ಉಳೀತದೆ."

"ನನ್ನದು ಸಾರ್?"

"ನಿಮ್ಮದು ಹೋಗೋಕೆ, ನೀವು ಹೊರಗೆ ಯಾರಿಗೂ ಗೊತ್ತೇ ಇಲ್ವಲ್ಲಮ್ಮ."

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸಮಾಧಾನ ಮಾಡಲೆಂದೇ ಹೇಳಿದರು. ನಾನು ಸೆಟ್ಟನ್ನು ಸರಿಯಾಗಿ ತಿರುಗಿಸಿಟ್ಟು ಮುಚ್ಚಳ ಹಾಕಿದೆ. ನಾಲ್ಕು ತಿರುಪು.

"ಕೊಡಲ್ಲ ಸಾರ್."

"ಯೋಚ್ನೆ ಮಾಡಿ."

"ಮಾಡಿದ್ದೀನಿ. ಡಿಸೆಂಬರಿನ ಮಾತು ನನ್ನ ಬಾಯಿಂದ ಹೊರಗೆ ಬರಲ್ಲ. ಬೇರೆಯವರದ್ದೂ ಬರಲ್ಲ. ಕೈ ಮಾತ್ರ ಇನ್ನು ನನ್ನ ಹೆಸರಲ್ಲೇ ಹೋಗ್ತದೆ."

"ಆಗ್ಲಿ" ಎಂದರು. ಜೀಪಿನವರೆಗೂ ಹಿಂದೆ ಹೋದೆ. ಅವರು ತಿರುಗಿ ನೋಡದೆ ಹತ್ತಿದರು.

ಸೋಮವಾರ ಏಳಕ್ಕೆ ಕರೆದೆ. ಕಣ್ಣೂರಿನವರೊಬ್ಬರು ಬಂದರು, ಸೊಲ್ಲಾಪುರದವರೊಬ್ಬರು. ಸೊಲ್ಲಾಪುರದವರು ಕೇಳಿದರು: ಬಾಳೂರಿನ ರುದ್ರೇಶ್ ಗೊತ್ತಾ ನಿಮಗೆ, ಥೇಟ್ ಅವರದೇ ಕೈ. ಗೊತ್ತು, ನನ್ನ ಗಂಡ, ಕೈ ಮೊದಲಿನಿಂದಲೂ ನನ್ನದೇ ಎಂದು ಕಳಿಸಿದೆ. ಆಮೇಲೆ ಸಿಗ್ನಲ್ ಚೆನ್ನಾಗಿದೆ ಎಂದಷ್ಟೇ ಹೇಳಿ ಅವರು ಹೋದರು.

ಮೂರ್ತಿಯವರು ಬರಲಿಲ್ಲ. ಏಳು ಗಂಟೆಗೆ ಅವರ ರಿಸೀವರ್ ಹಾಕಿರುತ್ತದೆ. ಅಂಜನಮ್ಮನವರು ತೀರಿಕೊಂಡ ಮರುದಿನವೂ ಹಾಕಿದ್ದರು. ನನ್ನ ಸೆಟ್ಟಿನಿಂದ ಈಗ ನಲವತ್ತು ವಾಟ್ ಹೋಗುತ್ತದೆ, ಅವರ ಮನೆ ಇಲ್ಲಿಂದ ದೂರವಿಲ್ಲ. ದಿನಾ ಮೊದಲು ಅವರನ್ನೇ ಕರೆಯುತ್ತೇನೆ. ಒಂದು ನಿಮಿಷ ಕಾಯುತ್ತೇನೆ. ಆಮೇಲೆ ಬೇರೆಯವರನ್ನು ಕರೆಯುತ್ತೇನೆ.